ಕಾಯುವ ಒಂದು ಸಾಲು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹಾಗೂ ಮೂಲೆಯ ಮೇಜಿನ ಮೇಲಿರುವ ಸುಟ್ಟ ಹಂದಿಯ ಮೇಲೇ ಕಣ್ಣು ನೆಟ್ಟು ಕುಳಿತಿರುವ ಆತ್ಮೀಯ ಸಭಿಕರೇ,

ಇಲೊಯಿಲೊ ನಗರದ ಈ ಸಮುದ್ರ ಮುನ್ಸೂಚನಾ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದು ಇಂದು ನಿವೃತ್ತನಾಗುತ್ತಿದ್ದೇನೆ. ನನಗೆ ಕೊಡಲಿರುವ ಫಲಕದಲ್ಲಿ ಏನು ಕೆತ್ತಿದ್ದಾರೆ ಗೊತ್ತೇ? 'ಆರು ಗಂಟೆಯ ಲೆಕ್ಕವನ್ನು ಎರಡು ಗಂಟೆಗೆ ಇಳಿಸಿದ ಧೀಮಂತ, ಎವಾರಿಸ್ತೊ ಪಲ್ಮಾರೆಸ್.' ಆಹಾ, ಧೀಮಂತ! ನನ್ನ ಹೆಂಡತಿ ಅದನ್ನು ಮೂರು ಸಲ ಓದಿದಳು, ಮೂರು ಸಲವೂ ನಕ್ಕಳು.

ಮುಖ್ಯ ಅತಿಥಿಗಳು ನಮ್ಮ ಕೆಲಸವನ್ನು ಈಗಾಗಲೇ ಬಹಳ ಹೊಗಳಿದ್ದಾರೆ, ಆದ್ದರಿಂದ ಅದು ಏನೆಂದು ಅವರಿಗೆ ತಿಳಿಸುವುದು ನನ್ನ ಧರ್ಮ. ಚಂಡಮಾರುತ ಬಂದಾಗ ಸಮುದ್ರ ಎಷ್ಟು ಏರುತ್ತದೆಂದು ನಾವು ಲೆಕ್ಕ ಹಾಕುತ್ತೇವೆ. ಸಮುದ್ರವನ್ನು ನಾನೂರು ತುಂಡು ಮಾಡಿ ನಾನೂರು ಪ್ರೊಸೆಸರ್‌ಗಳಿಗೆ ಹಂಚುತ್ತೇವೆ. ಪ್ರತಿಯೊಂದೂ ಪಕ್ಕದ ತುಂಡಿನ ನೀರು ನೋಡಿಕೊಂಡು ತನ್ನ ನೀರಿನ ಲೆಕ್ಕ ಹಾಕುತ್ತದೆ, ಹೀಗೆ ಸಾವಿರಾರು ಸುತ್ತು. ಆ ಸುತ್ತೇ ಲೂಪ್. ಪ್ರತಿ ಸುತ್ತಿನ ಕೊನೆಗೆ ಒಂದು ಸಾಲಿತ್ತು: ಎಲ್ಲರೂ ಮುಗಿಸುವವರೆಗೆ ಎಲ್ಲರೂ ಕಾಯಿರಿ.

ಆ ಸಾಲು ಬರೆದವರು ನಮ್ಮ ಸಹೋದ್ಯೋಗಿ ಪೆರ್ಪೆತುವಾ ದುಮಲಾಗನ್. ನಮಗೆಲ್ಲ ಅವರು ಮನಾಂಗ್ ಪೆತಾಂಗ್; ಮನಾಂಗ್ ಅಂದರೆ ದೊಡ್ಡಕ್ಕ. ನನಗಿಂತ ಹಿರಿಯರು, ನನಗಿಂತ ಜಾಣರು. ಆದ್ದರಿಂದಲೇ ನಾನು ಅವರ ಮೇಲಧಿಕಾರಿಯಾದೆ.

"ಏನ್ ಮನಾಂಗ್ ಇದು? ನಾನೂರು ಯಂತ್ರಾನ ಚರ್ಚಲ್ಲಿ ಪ್ರಸಾದಕ್ಕೆ ನಿಲ್ಸಿದ ಹಾಗೆ ನಿಲ್ಸಿದೀರಲ್ಲ!" ಎಂದು ನಾನು ಎಲ್ಲರೆದುರು ನಕ್ಕೆ.

ಅವರು ತಲೆಯೆತ್ತಲೂ ಇಲ್ಲ. "ಪಕ್ಕದವನ ನೀರು ಬರೋ ಮುಂಚೆ ನೀನು ಮುಂದೆ ಓಡಿದ್ರೆ ಅದು ಸಮುದ್ರದ ಲೆಕ್ಕ ಅಲ್ಲ ಕಣೋ ತೋತೊ, ನಿನ್ನ ಆತುರದ ಲೆಕ್ಕ." ತೋತೊ ಎಂದರೆ ಹುಡುಗ. ನನಗಾಗ ಐವತ್ತಾರು ವರ್ಷ.

ಆ ಸಾಲು ಕಿತ್ತೆ. ಒಳಗಿನ ಲೂಪುಗಳ ಕ್ರಮವನ್ನೂ ಬದಲಿಸಿದೆ. ಅದು ನಿಜವಾದ ಜಾಣತನ, ಅದರಿಂದ ಉಳಿದದ್ದು ಹತ್ತು ನಿಮಿಷ. ಮಿಕ್ಕ ಸಮಯವೆಲ್ಲ ಆ ಒಂದು ಸಾಲಿನಿಂದ ಉಳಿಯಿತು. ಪರೀಕ್ಷಿಸಲಿಲ್ಲವೇ ಎಂದು ಕೇಳುತ್ತೀರಾ? ಪರೀಕ್ಷಿಸಿದೆವು ಸ್ವಾಮಿ, ಹನ್ನೆರಡು ಸಲ, ಶಾಂತ ಸಮುದ್ರದ ಮೇಲೆ. ಶಾಂತ ಸಮುದ್ರದಲ್ಲಿ ಪಕ್ಕದವನ ನೀರು ಹಳೆಯದಾದರೇನು, ಹೊಸದಾದರೇನು? ಉತ್ತರ ಸರಿಯಾಗಿಯೇ ಬಂತು. ಪತ್ರಿಕೆಯಲ್ಲಿ ನನ್ನ ಫೋಟೊ ಬಂತು. ಮನಾಂಗ್ ಪೆತಾಂಗ್ ಹಳೆಯ ಯಂತ್ರಗಳ ಜೊತೆ ಉಗ್ರಾಣಕ್ಕೆ ಹೋದರು.

ನಂತರ ಚಂಡಮಾರುತ ಬಂತು. ನನ್ನ ಅಕ್ಕ ಎಲಿಸೆಯಾಳ ಊರು ಪುಂತಾ ಬುಲಾಕ್, ಮನೆ ದಡದಲ್ಲೇ. ನನ್ನ ಎರಡು ಗಂಟೆಯ ಲೆಕ್ಕ ಒಂದು ಮೀಟರ್ ಎಂದಿತು. ನಾನೇ ಫೋನ್ ಮಾಡಿದೆ: "ಅಕ್ಕಾ, ಹೊಸಿಲೂ ದಾಟಲ್ಲ ನೀರು. ಸುಮ್ನೆ ಮನೇಲಿರು."

ಉಗ್ರಾಣದ ಹಳೆಯ ಯಂತ್ರಗಳಲ್ಲಿ, ಆ ಸಾಲನ್ನು ಇಟ್ಟುಕೊಂಡೇ, ಮನಾಂಗ್ ಹಿಂದಿನ ದಿನವೇ ಶುರು ಮಾಡಿದ್ದ ಲೆಕ್ಕ ನಾಲ್ಕು ಮೀಟರ್ ಎಂದಿತು. ಅದರ ಹಾಳೆಯನ್ನು ಅವರು ನನಗೆ ತಂದುಕೊಟ್ಟರು. ನಾನು ಓದದೆ ಮಡಚಿಟ್ಟೆ. ಅವರು ಆ ಊರಿನ ಮೇಯರ್‌ಗೆ ಫೋನ್ ಮಾಡಿ ಜನರನ್ನು ಗುಡ್ಡದ ಚರ್ಚಿಗೆ ಹತ್ತಿಸಿದರು. ನನ್ನ ಅಕ್ಕನಿಗೂ ಹೇಳಿದರು: "ನಿಮ್ಮ ತಮ್ಮನ ಮಾತು ಕೇಳ್ಬೇಡಿ, ಹೊರಡಿ." ಸಂಜೆ ಏರಿ ಬಂದ ನೀರಿಗೆ ಅಕ್ಕನ ಮನೆಯ ಸೂರೂ ಕೊಚ್ಚಿಹೋಯಿತು.

ಅಕ್ಕ ಇಂದಿಗೂ ಹೇಳುತ್ತಾಳೆ: "ನಿನ್ನ ನಂಬಿದ್ರೆ ನನ್ನ ಹೆಣಾನೂ ಎರಡು ಗಂಟೇಲಿ ಹುಡುಕ್ತಿದ್ದೆ, ಅಲ್ವೇನೋ?"

ಇಂಥ ಮಹಿಳೆಗೆ ಕೇಂದ್ರ ಏನು ಕೊಟ್ಟಿತು? ಅನುಮತಿಯಿಲ್ಲದೆ ಎಚ್ಚರಿಕೆ ನೀಡಿದ್ದಕ್ಕೆ ನೋಟಿಸ್. ಅದರ ಕೆಳಗೆ ಸುಂದರವಾದ ಸಹಿ, ನನ್ನದು. ಅವರು ರಾಜೀನಾಮೆ ಬರೆದಿಟ್ಟು ಹೋದರು. ನನಗೆ ನಾಚಿಕೆಯಾಗುತ್ತದೆ, ಸಭಿಕರೇ. ಈ ನಾಲ್ಕು ವರ್ಷವೂ ಆಗಿದೆ.

ಮರುವಾರವೇ ಆ ಸಾಲನ್ನು ಸದ್ದಿಲ್ಲದೆ ವಾಪಸ್ ಹಾಕಿದೆ. ಈಗ ನಮ್ಮ ಲೆಕ್ಕಕ್ಕೆ ಐದು ಗಂಟೆ ಐವತ್ತು ನಿಮಿಷ ಬೇಕು. ವಾರ್ಷಿಕ ವರದಿಯಲ್ಲಿ ಮಾತ್ರ ಎರಡೇ ಗಂಟೆ. ಮಾನ್ಯ ಅಧ್ಯಕ್ಷರೇ, ನಾಲ್ಕು ವರ್ಷದಲ್ಲಿ ತಾವು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಈಗ ಮಾತ್ರ ನೋಡುತ್ತಿದ್ದೀರಿ.

ಇಂದಿನ ಆಹ್ವಾನ ಪಟ್ಟಿಯಲ್ಲಿ ಪೆರ್ಪೆತುವಾ ದುಮಲಾಗನ್ ಎಂಬ ಹೆಸರಿರಲಿಲ್ಲ. ಅವರನ್ನು ಕರೆತರಲು ನನ್ನ ಅಕ್ಕ ಗಿಮಾರಾಸ್ ದ್ವೀಪಕ್ಕೆ ಹೋಗಿದ್ದಾಳೆ. ದೋಣಿ ಆ ದಡ ಬಿಟ್ಟಿದೆಯಂತೆ. ಫಲಕ ಅವರ ಕೈಗೆ ಹೋಗಬೇಕು, ಕೆತ್ತನೆ ತಿದ್ದಿಸುವ ಖರ್ಚು ನನ್ನದು. ಅವರು ಬರುವವರೆಗೆ ಯಾರೂ ಊಟದ ಮೇಜಿನ ಕಡೆ ಹೋಗುವ ಕಷ್ಟ ತೆಗೆದುಕೊಳ್ಳಬೇಡಿ. ಹಂದಿ ಕೊಯ್ಯುವ ಕತ್ತಿ ನನ್ನ ಚೀಲದಲ್ಲಿದೆ.

ತಾಳ್ಮೆಯಿಂದ ಕೇಳಿದ್ದಕ್ಕೆ ಧನ್ಯವಾದ. ಇನ್ನೂ ಸ್ವಲ್ಪ ತಾಳ್ಮೆ ಬೇಕು: ಎಲ್ಲರೂ ಬರುವವರೆಗೆ ಎಲ್ಲರೂ ಕಾಯಿರಿ. ನಮಸ್ಕಾರ.