ವಾಪಸ್ಸು ಬಂದ ಹಾಲು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಹಾಲು ಉತ್ಪಾದಕರ ಸಂಘದ ಅಧ್ಯಕ್ಷರಾದ ಪುಟ್ಟಸ್ವಾಮಿಯವರೇ, ಹಾಸನದಿಂದ ಬಿಡುವು ಮಾಡಿಕೊಂಡು ಬಂದಿರುವ ಮೂಳೆ ಡಾಕ್ಟರ್ ಸ್ಮಿತಾ ಮೇಡಂ ಅವರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ನಿರ್ದೇಶಕರೇ, ಕುರ್ಚಿ ಸಿಗದೆ ಕೆಳಗೆ ಮುನಿಸಿಕೊಂಡು ಕೂತಿರುವ ಮಾಜಿ ನಿರ್ದೇಶಕರೇ, ಮಳೆಯಿರಲಿ ಹಬ್ಬವಿರಲಿ ಎರಡು ಹೊತ್ತೂ ಹಾಲು ತಂದು ಹಾಕಿ ಈ ಕಟ್ಟಡವನ್ನು ನಿಲ್ಲಿಸಿರುವ ತಾಯಂದಿರೇ, ಊಟಕ್ಕೆ ಎಲೆ ಹಾಕಿದರೇನೋ ಎಂದು ಹಿಂದಕ್ಕೆ ತಿರುಗಿ ನೋಡುತ್ತಿರುವ ಸಭಿಕ ಬಂಧುಗಳೇ,

ಮೂವತ್ತೊಂದು ವರ್ಷ ಈ ಸಂಘದ ಕಾರ್ಯದರ್ಶಿಯಾಗಿದ್ದ ನನಗೆ ಇವತ್ತು ಬೀಳ್ಕೊಡುಗೆ. ಶಾಲು ಹೊದಿಸಿದ್ದೀರಿ, ಪೇಟ ಇಟ್ಟಿದ್ದೀರಿ, ಹಣ್ಣಿನ ತಟ್ಟೆ ಕೊಟ್ಟಿದ್ದೀರಿ. ಪೇಟ ಸ್ವಲ್ಪ ಬಿಗಿಯಾಗಿದೆ. ನನ್ನ ತಲೆಯ ಅಳತೆ ತೆಗೆದುಕೊಳ್ಳದೆ ತಂದಿದ್ದಾರೆ, ಪರವಾಗಿಲ್ಲ. ಐದು ನಿಮಿಷದಲ್ಲಿ ಮುಗಿಸಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಮೂಳೆಯ ಬಗ್ಗೆ ನೀವೂ ನಾಲ್ಕು ಮಾತಾಡಿ, ಆಮೇಲೆ ನಾನು ಮಾತಾಡುತ್ತೇನೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹಾಲಿನ ಮನುಷ್ಯನನ್ನು ಮೂಳೆಯ ಬಗ್ಗೆ ಮಾತಾಡಲು ಯಾಕೆ ಕೇಳಿದರು? ಅದು ಗೊತ್ತಾಗಬೇಕಾದರೆ ಐದು ನಿಮಿಷ ಸಾಲದು ಎಂದು ಅಧ್ಯಕ್ಷರಲ್ಲಿ ಈಗಲೇ ಕ್ಷಮೆ ಕೇಳುತ್ತೇನೆ.

ಮೂರನೇ ಸಾಲಿನಲ್ಲಿ, ಎಡಗೈಗೆ ಹಿಟ್ಟಿನ ಕಟ್ಟು ಹಾಕಿಸಿಕೊಂಡು ಕೂತಿರುವವರು ನನ್ನ ಮನೆಯವರು, ಪ್ರೇಮಕುಮಾರಿ. ಅವರ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿರುವವರು ನನ್ನ ಅವ್ವ, ಚಿಕ್ಕಲಕ್ಷ್ಮಮ್ಮ. ಎಂಬತ್ತಾರು ವರ್ಷ. ನನ್ನ ಮನೆಯವರು ಈ ಕಟ್ಟಡದ ಹೊಸ್ತಿಲು ತುಳಿದು ನಾಲ್ಕು ವರ್ಷವಾಗಿತ್ತು. ನಮ್ಮ ಮನೆಯ ಹಾಲನ್ನು ಪಕ್ಕದ ಮನೆಯ ದಾಕ್ಷಾಯಣಮ್ಮನವರ ಕೈಲಿ ಕಳಿಸುತ್ತಿದ್ದರು. ಇವತ್ತಿನ ಸಮಾರಂಭಕ್ಕೆ ಕರೆದಾಗಲೂ ಒಂದು ಷರತ್ತು ಹಾಕಿಯೇ ಬಂದಿದ್ದಾರೆ. "ನೀವು ಎಲ್ಲಾ ಸಭೇಲೂ ಅರ್ಧ ಕತೆ ಏಳ್ತೀರಿ. ಇವತ್ತು ಪೂರ್ತಿ ಏಳೋದಾದ್ರೆ ಬತ್ತೀನಿ. ಏಳ್ದಿದ್ರೆ ಮಧ್ಯದಲ್ಲೇ ಎದ್ದೋಯ್ತೀನಿ" ಅಂದರು. ಈಗ ಅವರ ಕಾಲು ಚಪ್ಪಲಿಯ ಮೇಲೇ ಇದೆ. ನಾನು ಗಮನಿಸಿದ್ದೇನೆ.

ಅರ್ಧ ಕಥೆ ನಿಮಗೆಲ್ಲ ಬಾಯಿಪಾಠ. ಆದರೂ ಡಾಕ್ಟರಮ್ಮ ಹೊಸಬರು, ಅವರಿಗಾಗಿ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ನಮ್ಮ ಹಾಲು ಪರೀಕ್ಷೆ ಮಾಡುವ ಸುನೀಲ್‌ಕುಮಾರ್ ನನ್ನ ಮೇಜಿನ ಹತ್ತಿರ ಬಂದು, "ಸಾ, ಒಂದ್ಸಲ ನೀವೇ ನೋಡ್ಬುಡಿ ಸಾ. ಡಿಗ್ರಿ ಬತ್ತಾ ಇಲ್ಲ. ನಿಮ್ಮನೇದು" ಎಂದು ಕಿವಿಯಲ್ಲಿ ಹೇಳಿದ. ಹೋಗಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ ನೋಡಿದೆ. ಇಪ್ಪತ್ತೆಂಟು ಬರಬೇಕಾದದ್ದು ಇಪ್ಪತ್ತನಾಲ್ಕೂವರೆಗೆ ನಿಂತಿತ್ತು. ನೀರು. ಕಾರ್ಯದರ್ಶಿಯ ಮನೆಯ ಹಾಲಿನಲ್ಲಿ ನೀರು.

ಸರತಿಯಲ್ಲಿ ನಲವತ್ತು ಜನ ಇದ್ದರು. ನಾನು ಏನು ಮಾಡಿದೆ? ಆ ಹಾಲನ್ನು ವಾಪಸ್ಸು ಕೊಟ್ಟೆ. ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ, ವಾಪಸ್ಸಾದ ಹಾಲು ಎಂಬ ಸಾಲಿನ ಕೆಳಗೆ, ನನ್ನ ಕೈಯಾರೆ ಬರೆದೆ: ಪ್ರೇಮಕುಮಾರಿ. ಸಂಘದ ಸದಸ್ಯತ್ವ ಇರುವುದು ಅವರ ಹೆಸರಿನಲ್ಲಿ. ಜನ ಚಪ್ಪಾಳೆ ತಟ್ಟಿದರು. ಸರತಿಯಲ್ಲೇ ನಿಂತಿದ್ದ ನನ್ನ ಮನೆಯವರು ಕ್ಯಾನು ತೆಗೆದುಕೊಂಡು ಹೋದರು.

ಆ ಕಥೆಯನ್ನು ನಾನು ಎಲ್ಲೆಲ್ಲಿ ಹೇಳಿಲ್ಲ? ಹೊಳೆನರಸೀಪುರದ ತರಬೇತಿಯಲ್ಲಿ ಹೇಳಿದೆ. ಅರಕಲಗೂಡಿನಲ್ಲಿ ಹೇಳಿದೆ. ಚನ್ನರಾಯಪಟ್ಟಣದಲ್ಲಿ ಹೇಳಿದಾಗ ಒಬ್ಬರು ಎದ್ದು ಬಂದು ನನ್ನ ಕೈ ಹಿಡಿದು ಅತ್ತರು. ನ್ಯಾಯ ಅಂದರೆ ಇದು, ಹೆಂಡತಿ ಅಂತಲೂ ನೋಡಲಿಲ್ಲ ಅಂದರು. ನಾನೂ ಹೌದು ಅಂದುಕೊಂಡೆ. ಹೆಂಡತಿ ಎಂದು ನೋಡಲಿಲ್ಲ, ಅದಂತೂ ನಿಜ.

ಈಗ ಉಳಿದರ್ಧ.

ನಮ್ಮ ಮನೆಯಲ್ಲಿ ಒಂದು ನಿಯಮ ಇತ್ತು. ನಾನೇ ಮಾಡಿದ್ದು. ಕರೆದ ಹಾಲೆಲ್ಲ ಡೇರಿಗೆ. ಒಂದು ಹನಿಯೂ ಮನೆಗಿಲ್ಲ. ಕಾರ್ಯದರ್ಶಿಯ ಮನೆಯೇ ಹಾಲು ಉಳಿಸಿಕೊಂಡರೆ ಊರಿನವರಿಗೆ ಏನು ಹೇಳುವುದು? ಇದರಲ್ಲಿ ನನ್ನೊಬ್ಬನನ್ನೇ ಬೈಯಬೇಡಿ. ಇಲ್ಲಿ ಕೂತಿರುವ ಎಷ್ಟು ಮನೆಯಲ್ಲಿ ಕರೀ ಕಾಫಿ ಕಾಯುತ್ತಿಲ್ಲ, ಕೈ ಎತ್ತಿ ನೋಡೋಣ. ಅಧ್ಯಕ್ಷರೇ, ನೀವು ಎತ್ತಬೇಡಿ, ನಿಮ್ಮ ಮನೆಯದು ನನಗೆ ಗೊತ್ತು. ಹಾಸನದ ಮಕ್ಕಳೆಲ್ಲ ನಮ್ಮ ಹಾಲು ಕುಡಿದು ದಷ್ಟಪುಷ್ಟವಾಗಿವೆ. ನಾವು ಹಾಲು ಹಾಕುವವರು, ಕುಡಿಯುವವರಲ್ಲ. ನಮ್ಮ ಮನೆಯಲ್ಲೂ ಬೆಲ್ಲದ ಕರೀ ಕಾಫಿಯೇ. ನನಗೇನೂ ತೊಂದರೆ ಇರಲಿಲ್ಲ. ಆಫೀಸಿನಲ್ಲಿ ಪರೀಕ್ಷೆಗೆ ತೆಗೆದ ಸ್ಯಾಂಪಲ್ ಹಾಲು ಮಿಕ್ಕುತ್ತದಲ್ಲ, ಅದರಲ್ಲಿ ದಿನಕ್ಕೆ ನಾಲ್ಕು ಸಲ ಗಟ್ಟಿ ಕಾಫಿ ಮಾಡಿಸಿಕೊಂಡು ಕುಡಿಯುತ್ತಿದ್ದೆ.

ಇದನ್ನು ಹೇಳಬೇಕು ಎಂದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಇರಲಿ, ಇವತ್ತು ನಿವೃತ್ತಿ.

ಹೋದ ತಿಂಗಳು ನನ್ನ ಅವ್ವ, ಈ ವಯಸ್ಸಿನಲ್ಲಿ, ಹುರುಳಿ ತೆಗೆಯುತ್ತೇನೆ ಎಂದು ಅಟ್ಟದ ಏಣಿ ಹತ್ತಿ ನಾಲ್ಕನೇ ಮೆಟ್ಟಿಲಿನಿಂದ ಬಿದ್ದರು. ನಾನು ಓಡಿ ಬಂದೆ. ಅವ್ವ ಎದ್ದು ಕೂತು ಸೀರೆ ಕೊಡವಿಕೊಂಡು ಮೊದಲು ಏಣಿಯನ್ನು ಬೈದರು, ಆಮೇಲೆ ಏಣಿ ಮಾಡಿದ ಬಡಗಿಯನ್ನು ಬೈದರು, ಕೊನೆಗೆ ನನ್ನನ್ನು. ಒಂದು ಮೂಳೆಯೂ ಮಿಸುಕಲಿಲ್ಲ. ಹತ್ತು ದಿನ ಬಿಟ್ಟು ನನ್ನ ಮನೆಯವರು, ಐವತ್ತೆರಡು ವರ್ಷದವರು, ಕೊಟ್ಟಿಗೆಯಲ್ಲಿ ಕೂತಿದ್ದವರು ಏಳಲು ನೆಲಕ್ಕೆ ಕೈ ಊರಿದರು. ಅಷ್ಟೇ. ಮಣಿಕಟ್ಟು ಮುರಿಯಿತು.

ಇಬ್ಬರನ್ನೂ ಕರೆದುಕೊಂಡು ಹಾಸನಕ್ಕೆ, ಈ ಡಾಕ್ಟರಮ್ಮನವರ ಹತ್ತಿರ ಹೋದೆ. ತೂಕ ನೋಡಿದರು. ನನ್ನ ಮನೆಯವರು ಮೂವತ್ತೊಂಬತ್ತು ಕೆಜಿ, ನಾಲ್ಕು ವರ್ಷದ ಹಿಂದಿನ ಆಸ್ಪತ್ರೆ ಚೀಟಿಯಲ್ಲಿ ನಲವತ್ತೇಳಿತ್ತು. ನಮ್ಮ ಪಶು ಆಹಾರದ ಒಂದು ಮೂಟೆ ಐವತ್ತು ಕೆಜಿ ಇರುತ್ತದೆ, ಸಭಿಕರೇ. ಮದುವೆಯಾದಾಗಿನಿಂದ ಮೈ ತೂಕ ಹೆಚ್ಚಿಸಿಕೊಂಡಿಲ್ಲ ನೋಡಿ ಎಂದು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಡಾಕ್ಟರಮ್ಮ, "ಏನು ಊಟ ಮಾಡ್ತೀರಿ?" ಎಂದು ಅವರನ್ನು ಕೇಳಿದರು. "ಎಲ್ಲಾ ತಿಂತಾಳೆ ಮೇಡಂ" ಎಂದು ನಾನು ಹೇಳಿದೆ. "ನಿಮ್ಮನ್ನ ಕೇಳಲಿಲ್ಲ" ಅಂದರು. ಹಾಗೆ ನನಗೆ ಹೇಳಿದವರು ಮೂವತ್ತೊಂದು ವರ್ಷದಲ್ಲಿ ಯಾರೂ ಇಲ್ಲ.

ಆಗ ತಿಳಿಯಿತು. ನಮಗೆಲ್ಲ ಬಡಿಸಿ ಆದ ಮೇಲೆ ಉಳಿದರೆ ಅರ್ಧ ಮುದ್ದೆ, ತಳದ ಸಾರು. ಮಧ್ಯಾಹ್ನ ಹೆಚ್ಚಾಗಿ ಕರೀ ಕಾಫಿ. ಮೈಯಲ್ಲಿ ತೂಕ ಇಲ್ಲದಿದ್ದರೆ ಮೂಳೆಗೂ ಬಲ ಇರುವುದಿಲ್ಲ, ತಿನ್ನದ ದೇಹ ಮೂಳೆಯನ್ನೇ ಕರಗಿಸುತ್ತಾ ಹೋಗುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ಹಾಗಾದರೆ ನಾನು ತೊಂಬತ್ತಾರು ಕೆಜಿ, ನನ್ನ ಮೂಳೆ ಕಬ್ಬಿಣ ಇರಬೇಕಲ್ಲ ಮೇಡಂ ಎಂದೆ. ನನ್ನನ್ನೂ ಪರೀಕ್ಷೆ ಮಾಡಿಸಿದರು. ನನ್ನದೂ ಕಡಿಮೆಯೇ ಬಂತು. ಹೊಟ್ಟೆಯ ಬೊಜ್ಜು ಮೂಳೆಗೆ ಕಂಬವಲ್ಲ, ಹೊರೆ ಎಂದರು. ಮನೆಯಿಂದ ಡೇರಿಗೆ ಎರಡು ಫರ್ಲಾಂಗು, ಅದಕ್ಕೂ ಸ್ಕೂಟರು. ಬಿಸಿಲು ಕಂಡಿದ್ದು ಆಫೀಸಿನ ಕಿಟಕಿಯಲ್ಲಿ. ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟ ಅನ್ನುತ್ತಾರೆ. ನಾನು ಹಿಟ್ಟು ತಿಂದೆ, ಬೆಟ್ಟ ಕೀಳುವ ಕೆಲಸವನ್ನು ಮನೆಯವರಿಗೆ ಬಿಟ್ಟೆ.

ಕೊನೆಗೆ ಡಾಕ್ಟರಮ್ಮ ಅವ್ವನ ಕಡೆ ತಿರುಗಿ, "ನಿಮ್ಮ ಮೂಳೆ ಇಷ್ಟು ಗಟ್ಟಿ ಹೇಗಜ್ಜಿ?" ಎಂದರು. ಅವ್ವ ಒಮ್ಮೆ ನನ್ನನ್ನು ನೋಡಿ, ಸೊಸೆಯನ್ನು ನೋಡಿ, "ಇನ್ನೇನ್ ಮುಚ್ಚಿಡೋದು. ನನ್ ಸೊಸೆ ದಿನಾ ಒಂದ್ ದೊಡ್ ಲೋಟ ಆಲು ಕೊಡ್ತಾಳೆ ಕಣವ್ವ. ನಿಮ್ ಮಗನ್ಗೆ ಏಳ್ಬ್ಯಾಡಿ ಅಂದವ್ಳೆ" ಎಂದರು.

ಒಂದು ಲೋಟದಿಂದಲೇ ಎಲ್ಲ ಆಯಿತು ಎಂದು ಡಾಕ್ಟರಮ್ಮ ಹೇಳಲಿಲ್ಲ. ಜೀವಮಾನವೆಲ್ಲ ರಾಗಿ, ಸೊಪ್ಪು, ಕಾಳು ತಿಂದು, ಗದ್ದೆಯಲ್ಲಿ ಬಿಸಿಲು ಕಾಯಿಸಿಕೊಂಡು, ಹೊರೆ ಹೊತ್ತ ಮೈ ಅದು ಎಂದರು. ಆದರೆ ನನ್ನ ತಲೆಯಲ್ಲಿ ಇಪ್ಪತ್ತನಾಲ್ಕೂವರೆ ಡಿಗ್ರಿ ಓಡುತ್ತಿತ್ತು. ಅವತ್ತು ನಮ್ಮ ಹಸು ಗಬ್ಬವಾಗಿ ಹಾಲು ಇಳಿದಿದ್ದ ಕಾಲ. ಸಂಜೆಗೆ ಎರಡು ಲೀಟರು ಬಂದರೆ ಹೆಚ್ಚು. ಅದರಲ್ಲಿ ಒಂದು ದೊಡ್ಡ ಲೋಟ ಅವ್ವನಿಗೆ ಹೋಗಿದೆ. ಕಡಿಮೆಯಾದರೆ ನಾನು ಲೆಕ್ಕ ಕೇಳುತ್ತೇನೆ ಎಂದು ಅಷ್ಟೇ ನೀರು ಸೇರಿದೆ. ನನ್ನ ತಾಯಿ ಕುಡಿದ ಹಾಲಿಗೆ ನಾನು ಹೆಂಡತಿಯ ಹೆಸರನ್ನು ಹಲಗೆಯಲ್ಲಿ ಬರೆದೆ. ಬರೆದು, ನಾಲ್ಕು ತಾಲ್ಲೂಕಿನಲ್ಲಿ ಹೇಳಿಕೊಂಡು ಬಂದೆ.

ಬಸ್ಸಿನಲ್ಲಿ ಬರುತ್ತಾ, ಶಾಂತಿಗ್ರಾಮ ದಾಟಿದ ಮೇಲೆ ಮನೆಯವರನ್ನು ಕೇಳಿದೆ, ಅವತ್ತಿನಿಂದ ಮತ್ತೆ ಡಿಗ್ರಿ ಇಳಿಯಲಿಲ್ಲವಲ್ಲ, ಅವ್ವನಿಗೆ ಹಾಲು ಎಲ್ಲಿಂದ ಬಂತು ಎಂದು. ಅವರು ಕಿಟಕಿಯ ಕಡೆ ನೋಡಿಕೊಂಡೇ, "ನೀರು ಸೇರ್ಸೋದ್ ಬಿಟ್ಟೆ. ಒಂದ್ ಲೋಟ ಕಡ್ಮೆ ಆಕ್ದೆ. ಅಸ ಯಾಕೋ ಕಡ್ಮೆ ಕೊಡ್ತದೆ ಅಂದೆ. ನೀವು ನಂಬುದ್ರಿ" ಅಂದರು.

ನಂಬಿದೆ ಸ್ವಾಮಿ. ನಂಬಿ ಏನು ಮಾಡಿದೆ ಗೊತ್ತೇ? ಒಂದು ಲೋಟ ಹಾಲು ಕಡಿಮೆಯಾಯಿತಲ್ಲ ಎಂದು ಅವತ್ತೇ ಪಶು ವೈದ್ಯರನ್ನು ಕರೆಸಿದೆ. ಹಸುವಿಗೆ ಕ್ಯಾಲ್ಸಿಯಂ ಬಾಟಲಿ ಕುಡಿಸಿದೆ. ಖನಿಜ ಮಿಶ್ರಣ ತರಿಸಿ ಬೂಸಾದಲ್ಲಿ ಕಲಸಿ ನಾಲ್ಕು ವರ್ಷ ತಪ್ಪದೆ ಇಟ್ಟೆ. ಕರು ಹಾಕಿದ ಹಸುವಿಗೆ ಸುಣ್ಣದ ಅಂಶ ಹಾಲಿನಲ್ಲಿ ಹರಿದುಹೋಗುತ್ತದೆ, ಗಮನಿಸದಿದ್ದರೆ ಹಸು ಕುಸಿದು ಬೀಳುತ್ತದೆ ಎಂದು ಇದೇ ಮೈಕಿನಲ್ಲಿ ನಿಮಗೆ ಎಷ್ಟು ಸಲ ಪಾಠ ಮಾಡಿಲ್ಲ? ಮನೆಯಲ್ಲಿ ಕುಸಿಯುತ್ತಿದ್ದವರು ಯಾರು? ಒಂದು ಲೋಟ ಹಾಲು ಕಡಿಮೆಯಾದದ್ದು ನನಗೆ ಅದೇ ಹೊತ್ತಿಗೆ ತಿಳಿಯಿತು. ಹೆಂಡತಿ ಎಂಟು ಕೆಜಿ ಕಡಿಮೆಯಾದದ್ದು ನಾಲ್ಕು ವರ್ಷವಾದರೂ ತಿಳಿಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ನನ್ನಂಥವನನ್ನು ನೋಡಿಯೇ ಇರಬೇಕು. ನನಗೆ ನಾಚಿಕೆಯಾಗಿದೆ. ಪೇಟ ಇಟ್ಟುಕೊಂಡು ಹೇಳುವ ಮಾತಲ್ಲ ಇದು, ಅದಕ್ಕೇ ತೆಗೆದು ಮೇಜಿನ ಮೇಲೆ ಇಡುತ್ತಿದ್ದೇನೆ.

ಸುನೀಲ, ಬಾಗಿಲ ಪಕ್ಕದ ಹಲಗೆ ತಗೊಂಡು ಬಾ. ಸೀಮೆಸುಣ್ಣವನ್ನೂ ತಾ. ಅಧ್ಯಕ್ಷರೇ, ಗಡಿಯಾರ ನೋಡಬೇಡಿ, ಇದು ನಾನು ಈ ಸಂಘದಲ್ಲಿ ಬರೆಯುವ ಕೊನೆಯ ಸಾಲು. ವಾಪಸ್ಸಾದ ಹಾಲು. ಹೆಸರು: ನಟರಾಜ್, ಕಾರ್ಯದರ್ಶಿ. ಕಾರಣ: ಇಪ್ಪತ್ತೆಂಟು ಎಂದು ಹೇಳಿಕೊಂಡು ತಿರುಗಿದ, ಇದ್ದದ್ದು ನೀರು. ಹೊಸ ಕಾರ್ಯದರ್ಶಿ ಬರುವವರೆಗೆ ಇದನ್ನು ಯಾರೂ ಅಳಿಸಬೇಡಿ.

ಇನ್ನೊಂದು ಮಾತು. ವೇದಿಕೆಯಲ್ಲಿ ಕೂತವರಿಗೆ ಬಾದಾಮಿ ಹಾಲು ಕೊಟ್ಟಿದ್ದೀರಿ. ಕೆಳಗೆ ಕೂತ ತಾಯಂದಿರಿಗೆ ಏನು ಕೊಟ್ಟಿದ್ದೀರಿ? ಪ್ಲಾಸ್ಟಿಕ್ ಲೋಟದಲ್ಲಿ ಕಿತ್ತಲೆ ಬಣ್ಣದ ನೀರು. ಸುನೀಲ, ನನ್ನ ಲೋಟ ತಗೊಂಡು ಹೋಗಿ ಮೂರನೇ ಸಾಲಿಗೆ ಕೊಡು. ಅವರು ಕುಡಿದು ಮುಗಿಸುವವರೆಗೆ ನಾನು ಭಾಷಣ ನಿಲ್ಲಿಸುವುದಿಲ್ಲ. ನಿಮಗೆ ಊಟ ಬೇಕಾದರೆ ಅವರಿಗೇ ಹೇಳಿ.

ತೆಗೆದುಕೊಂಡರು. ನೋಡಿ, ಕಾಲು ಚಪ್ಪಲಿಯ ಮೇಲಿಂದ ಇಳಿದಿದೆ.

ಅಯ್ಯೋ, ಅತ್ತೆಗೆ ಕೊಡುತ್ತಿದ್ದಾರೆ. ಇಷ್ಟು ಹೊತ್ತು ನಾನು ಹೇಳಿದ್ದೇನು, ಇವರು ಮಾಡುತ್ತಿರುವುದೇನು? ಅವ್ವ ಕೈಗೆ ತೆಗೆದುಕೊಂಡಾಯಿತು. ಮೂಸಿ ನೋಡಿದರು.

ಅವ್ವ ಅದನ್ನು ಸೊಸೆಯ ಕೈಗೇ ವಾಪಸ್ಸು ಕೊಟ್ಟರು. ಮುರಿಯದ ಕೈಗೆ. ಕೊಟ್ಟು, ಲೋಟದ ತಳಕ್ಕೆ ತಮ್ಮ ಕೈ ಆನಿಸಿ ಹಿಡಿದಿದ್ದಾರೆ.

ಮೂವತ್ತೊಂದು ವರ್ಷದಲ್ಲಿ ಇಲ್ಲಿ ಎಷ್ಟೋ ಹಾಲು ವಾಪಸ್ಸಾಗಿದೆ, ಸಭಿಕರೇ. ಸರಿಯಾದ ಕೈಗೆ ವಾಪಸ್ಸು ಹೋದದ್ದನ್ನು ನಾನು ನೋಡಿದ್ದು ಇದೊಂದೇ ಸಲ.

ಕುಡಿಯುತ್ತಿದ್ದಾರೆ. ನಿಧಾನ, ಅವಸರವಿಲ್ಲ. ಮುಗಿಯಿತು.

ಸಹಿಸಿಕೊಂಡ ಅಧ್ಯಕ್ಷರಿಗೆ, ನನ್ನನ್ನು ಕೇಳದೆ ನನ್ನ ಮನೆಯವರನ್ನು ಕೇಳಿದ ಡಾಕ್ಟರಮ್ಮನವರಿಗೆ, ಎದ್ದು ಹೋಗದೆ ಕೂತ ಪ್ರೇಮಕುಮಾರಿಯವರಿಗೆ ನನ್ನ ಕೃತಜ್ಞತೆ. ಎಲೆ ಹಾಕಬಹುದು. ಇವತ್ತು ಮೊದಲ ಪಂಕ್ತಿ ಹೆಂಗಸರದು, ಬಡಿಸುವವರು ನಿರ್ದೇಶಕರು. ನಮಸ್ಕಾರ.