ಮೂರು ದಿನದ ಮರಿಯ ತೊಗಲು

ನಾನು ಚಿಕ್ಕಂದಿನಲ್ಲಿ ಕೇಳಿದ ಕತೆಯಲ್ಲಿ ಬಾವಿಕಟ್ಟೆಯ ಮೇಲೆ ಕೆಂಗಣ್ಣಿನ ಆಡೊಂದು ನಿಂತಿರುತ್ತಿತ್ತು. ಹೇಳುವವರ ಹುಮ್ಮಸ್ಸಿಗೆ ತಕ್ಕಂತೆ ಅದರ ಕೊಂಬೂ ಬೆಳೆಯುತ್ತಿತ್ತು. ಬರೀ ಬುರುಡೆ. ಆ ರಾತ್ರಿ ನನ್ನ ದೊಡ್ಡಮ್ಮ ಏನನ್ನೂ ಕಾಣಲಿಲ್ಲ. ಕೇಳಿಸಿಕೊಂಡಳು, ಅಷ್ಟೆ.

ಗಂಡ ಸತ್ತ ಮೇಲೆ ದೊಡ್ಡಮ್ಮ ಮೈದುನನ ಮನೆಯ ಹಿಂದಿನ ಕೋಣೆಯಲ್ಲಿ ತೊಗಲು ಹದ ಮಾಡುತ್ತಿದ್ದಳು. ಕುಂದಿಲ್ಲದಂತೆ ಕೆರೆದ ಒಂದೇ ಒಂದು ಮರಿತೊಗಲನ್ನು ಮರುದಿನ ತೋರಿಸಿದರೆ ವರ್ಷವಿಡೀ ಕೆಲಸ ಕೊಡುವುದಾಗಿ ಟೋಪಿ ಹೊಲಿಯುವವನು ಮಾತು ಕೊಟ್ಟಿದ್ದ. ಕೆಲಸ ಸಿಕ್ಕರೆ ಬೇರೆ ಮನೆ. ಇಲ್ಲವಾದರೆ ಮೈದುನನ ಹಂಗಿನ ಕೂಳು.

ಸಿಕ್ಕಿದ್ದು ಹುಟ್ಟಿದ ಮೂರೇ ದಿನಕ್ಕೆ ಸತ್ತ ಆಡಿನ ಮರಿ. ಅದರ ತಾಯಿ ಹೆತ್ತ ದಿನವೇ ಸತ್ತಿತ್ತು.

ತೊಗಲನ್ನು ದಿಮ್ಮಿಯ ಮೇಲೆ ಹಾಸಿ, ಒಳಮೈಗೆ ಅಂಟಿದ ಮಾಂಸವನ್ನು ಕೆರೆಯತೊಡಗಿದಳು. ಕೆರೆಯುವ ಕತ್ತಿ ಮೊಂಡಾಗಿರಬೇಕು. ಹರಿತವಾದರೆ ತೊಗಲೇ ಹರಿಯುತ್ತದೆ. ಮೂರನೆಯ ಎಳೆತಕ್ಕೆ... ಪರಕ್. ಹೆಬ್ಬೆರಳು ತೂರುವಷ್ಟು ತೂತು.

"ಈ ಕತ್ತಿ ಮುಟ್ಟಿದ್ಯಾರು?"

"ನಾನೇ ಅತ್ತಿಗೆ. ಮೊಂಡಾಗಿತ್ತಲ್ಲ, ಸಾಣೆ ಹಿಡಿದಿಟ್ಟೆ," ಎಂದು ಮೈದುನ ಬೀಗಿದ.

"ನಿನ್ನ ತಲೇನೂ ಅದೇ ಕಲ್ಲಿಗೆ ಉಜ್ಕೋಬೇಕಿತ್ತು. ಈ ಮನೇಲಿ ನಿಜವಾಗ್ಲೂ ಮೊಂಡಾಗಿರೋದು ಅದೊಂದೇ!"

ಅವನನ್ನು ಜರಿದಳೇ ಹೊರತು, ಕತ್ತಿಯ ಬಾಯನ್ನು ತಾನೂ ಬೆರಳಿಟ್ಟು ನೋಡಿರಲಿಲ್ಲ.

ಆದರೂ ಒಳಮೈಗೆ ಉಪ್ಪು ಸವರಿ, ಓರೆಹಲಗೆಯ ಮೇಲೆ ಹರಡಿ, ಕಿಟಕಿಯಿಲ್ಲದ ಆ ಕೋಣೆಗೆ ಬೀಗ ಜಡಿದು, ಇನ್ನೊಂದು ವಾರ ಬೇಡಲು ಟೋಪಿಯವನಲ್ಲಿಗೆ ಹೋದಳು. ಅವನು ಬಾಗಿಲ ಸಂದಿಯಿಂದಲೇ, "ನಾಳೆ ಬೆಳಿಗ್ಗೆ ತರೋದಾದ್ರೆ ತನ್ನಿ. ಇಲ್ದಿದ್ರೆ ಚಪ್ಪಲಿ ಯಾಕೆ ಸವೆಸ್ತೀರಿ?" ಎಂದ.

ಹಿಂತಿರುಗುವಾಗ ಊರೆಲ್ಲ ಮಲಗಿತ್ತು. ಮನೆಯ ಹಿಂದಿನ ಬಾವಿ ದಾಟುತ್ತಲೇ ಕೇಳಿಸಿತು.

ಸರ್ರ್... ಸರ್ರ್...

ನಾಯಿ ನೀರು ಕುಡಿಯುವ ಲಪಲಪ ಅಲ್ಲ. ಒರಟು ನಾಲಿಗೆಯನ್ನು ಹಸಿ ತೊಗಲಿನ ಮೇಲೆ ನಿಧಾನವಾಗಿ ಎಳೆದಂತೆ. ನಡುನಡುವೆ ಮೂಗಿನಿಂದ ಬಿಟ್ಟ ಸಣ್ಣ ಉಸಿರು... ಬೀಗ ಹಾಕಿದ ಕೋಣೆಯೊಳಗಿನಿಂದ.

ಮೈದುನ ಕಂದೀಲು ಹಿಡಿದು ಅಂಗಳದಲ್ಲೇ ನಿಂತಿದ್ದ.

"ಕೇಳಿಸ್ತಿದ್ಯಾ?" ಅವಳು ಪಿಸುಗುಟ್ಟಿದಳು.

"ನಾಯಿ, ಅತ್ತಿಗೆ... ಉಪ್ಪು ನೆಕ್ತಿದೆ."

"ಬೀಗದಕೈ ನನ್ನ ಸೊಂಟದಲ್ಲಿದೆ. ನಿನ್ನ ನಾಯಿ ಗೋಡೆ ತೂರ್ಕೊಂಡು ಹೋಯ್ತಾ?"

ಬೀಗ ತೆಗೆದಳು. ಸದ್ದು ನಿಂತಿತು. ಒಳಗೆ ಯಾರೂ ಇಲ್ಲ. ಹಲಗೆಯ ಮೇಲೆ ಒಂದು ಹರಳು ಉಪ್ಪಿಲ್ಲ. ತೊಗಲು ಬೆಚ್ಚಗಿತ್ತು. ತೂತು... ಮುಚ್ಚಿತ್ತು.

ಬೆಳಿಗ್ಗೆ ಟೋಪಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ತೂತಿಲ್ಲ. ಆದ್ರೆ ಕಲೆ ಇದೆ. ಇಂಥ ಮಾಲು ನಂಗೆ ಬೇಡಮ್ಮ," ಎಂದು ಎರಡೇ ಬೆರಳಲ್ಲಿ ಎತ್ತಿ ವಾಪಸು ಕೊಟ್ಟ.

ದೊಡ್ಡಮ್ಮ ಮೈದುನನ ಮನೆಯಲ್ಲೇ ಉಳಿದಳು. "ದೆವ್ವಾನೂ ಅರ್ಧಂಬರ್ಧ ಕೆಲ್ಸ ಮಾಡುತ್ತೆ ಅಂತ ಗೊತ್ತಿರ್ಲಿಲ್ಲ," ಎಂದು ಕೊನೆಯವರೆಗೂ ಮೂಗು ಮುರಿಯುತ್ತಿದ್ದಳು.

ಉಪ್ಪಿಗೆ ಇಲಿ ಬಂದಿರಬಹುದು, ಕಂದೀಲಿನ ಬೆಳಕಲ್ಲಿ ಕಣ್ಣು ಸೋತಿರಬಹುದು ಎಂದು ವಾದಿಸಿದವಳು ನಾನೇ. ಈಗ ವಾದಿಸುವುದಿಲ್ಲ. ಇದು ನಡೆದದ್ದು. ಹದವಾದ ಆ ತೊಗಲು ನನ್ನ ಬಳಿಯೇ ಇದೆ. ಕಳೆದ ವರ್ಷ ಕತೆಯ ಸುಳಿವನ್ನೂ ಕೊಡದೆ, ಅದನ್ನು ಪಶುವೈದ್ಯರೊಬ್ಬರ ಮೇಜಿನ ಮೇಲೆ ಹರಡಿದೆ. ಅವರು ತೂತಿದ್ದ ಜಾಗದ ಕಲೆಯನ್ನು ಬೆರಳಿಂದ ಒತ್ತಿ, ತಲೆ ಎತ್ತದೆ ಕೇಳಿದರು:

"ಗಾಯ ಚೆನ್ನಾಗಿ ಮಾಯ್ದಿದೆ. ಆಮೇಲೆ ಈ ಮರಿ ಎಷ್ಟು ವಾರ ಬದುಕಿತ್ತು?"