ಬೆಳೆದ ಗಿಡವೇ ಬೇಕಂತೆ

ದಾನಿ ಸಂಸ್ಥೆಯ ಕಚೇರಿಗೆ ಪರದೆ ಅಳತೆ ತೆಗೆಯಲು ಬಂದ ದರ್ಜಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ. ನೆರವು ಕೇಳಲು ಒಳಗೆ ಹೋಗಿದ್ದ ಊರ ನಾಗರಿಕರ ಸಂಘದ ಹೆಂಗಸು ಹೊರಬಂದಳು. ದರ್ಜಿಯ ಪಕ್ಕದಲ್ಲಿ ಕೂತಿದ್ದ ಅವಳ ತಮ್ಮ ಎದ್ದ. ದರ್ಜಿ ಟೇಪು ಸುತ್ತುವ ನೆಪದಲ್ಲಿ ಕಿವಿ ಅತ್ತ ಕೊಟ್ಟ.

"ಏನಂದ್ರು ಅಕ್ಕಾ?"

"ಪ್ರಜಾಪ್ರಭುತ್ವ ಅಂದ್ರೆ ಅವ್ರಿಗೆ ಪ್ರಾಣವಂತೆ. ನಾವು ಅದನ್ನ ವರ್ಷದೊಳಗೆ ಉಳಿಸಿಕೊಡ್ಬೇಕಂತೆ."

"ಜನ ಎದ್ದುನಿಂತು ಪುರಸಭೇನ ಪ್ರಶ್ನೆ ಕೇಳೋಕೇ ಹತ್ತು ವರ್ಷ ಹಿಡೀತು ಅನ್ಬೇಕಿತ್ತು."

"ಅಂದೆ. ಅದು ಫೋಟೋದಲ್ಲಿ ಕಾಣಲ್ಲ, ಗಿಡ ನೆಡಿ ಅಂದ್ರು."

"ಗಿಡಕ್ಕೂ ವರ್ಷ ಸಾಲಲ್ವಲ್ಲ!"

"ಬೆಳೆದಿರೋದನ್ನೇ ತಂದು ನೆಡ್ಬೇಕಂತೆ."

"ಪ್ರಶ್ನೆ ಕೇಳಿದೋರ ಮೇಲೆ ಹಾಕಿರೋ ಕೇಸಿಗೆ ವಕೀಲರನ್ನಾದ್ರೂ ಕೊಡ್ತಾರಾ?"

"ಕೊಡ್ತಾರಂತೆ. ತಮ್ಮ ಹೆಸರು ಮಾತ್ರ ಎಲ್ಲೂ ಬರಬಾರದಂತೆ, ಸರ್ಕಾರದ ಮೇಲಿನೋರಿಗೆ ಬೇಜಾರಾಗುತ್ತಂತೆ."

"ಮತ್ತೆ ಗಿಡದ ಹತ್ರ ಹೆಸರು?"

"ಅಲ್ಲಿ ಹಾಕ್ಲೇಬೇಕಂತೆ. ಗಿಡಕ್ಕಿಂತ ದೊಡ್ಡ ಬೋರ್ಡು," ಎನ್ನುತ್ತಾ ಅಕ್ಕ ಮೆಟ್ಟಿಲಿಳಿದಳು.